ಐದು ಕಾಳು ಜೋಳ

ಮಾಬೂಬಿ, ಆ ಹನ್ನೊಂದು ಕೌದಿಗಳು ಹಾಳಾದದ್ದು ನಿನ್ನಿಂದಲ್ಲ, ನನ್ನಿಂದ. ಇಲಿ ಬರುತ್ತವೆ ಎಂದು ನನಗೆ ಮೊದಲೇ ಗೊತ್ತಿತ್ತು. ಹೇಳಲಿಲ್ಲ. ಆಮೇಲೆ ಕೇಳಿದಾಗಲೂ — ಎಲ್ಲರೆದುರು, ನಿನ್ನೆದುರೇ ಕೇಳಿದಾಗಲೂ — ಸುಳ್ಳು ಹೇಳಿದೆ. ಇದಾಗಿ ಆರು ವರ್ಷವಾಯಿತು.

ಏಕೆ ಎಂದು ನೀನು ಕೇಳಬಹುದು. ಹೊಟ್ಟೆಕಿಚ್ಚು. ಬೇರೆ ಹೆಸರು ಹುಡುಕಿದೆ, ಸಿಗಲಿಲ್ಲ.

ನಾವಿಬ್ಬರೂ ಮಲಾವಿ ದೇಶಕ್ಕೆ ಹೋದದ್ದು ಅಲ್ಲಿನ ಹೆಂಗಸರಿಗೆ ಕೌದಿ ಹೊಲಿಯಲು ಕಲಿಸುವುದಕ್ಕೆ. ಸಂಬಳವಿಲ್ಲದ ಸೇವೆ, ಆರು ತಿಂಗಳು. ನಾನು ರಾಯಚೂರಿನಲ್ಲಿ ಹೊಲಿಗೆ ತರಗತಿ ನಡೆಸುತ್ತಿದ್ದವಳು, ಸರ್ಟಿಫಿಕೇಟು ಇದ್ದವಳು. ನೀನು ಮಾನ್ವಿಯಲ್ಲಿ ಮನೆಯಲ್ಲೇ ಕುಳಿತು ಹೊಲಿಯುತ್ತಿದ್ದವಳು. ವಿಮಾನದಲ್ಲಿ ನನ್ನ ಕೈ ಹಿಡಿದುಕೊಂಡು, 'ಶರಣಕ್ಕಾ, ನೀವದೀರಿ ಅಂತ ಬರಾಕತ್ತೀನ್ರಿ' ಎಂದಿದ್ದೆ. ಆಗ ನೀನು ನನಗೆ ಎಷ್ಟು ಇಷ್ಟವಾಗಿದ್ದೆ ಎಂದರೆ — ಅದನ್ನು ಈಗ ಹೇಳಲು ನನಗೆ ಹಕ್ಕಿಲ್ಲ.

ಸರೋವರದ ದಂಡೆಯ ಆ ಊರಲ್ಲಿ ದಿನವೂ ಒಂದೇ ಕ್ರಮ. ಬೆಳಿಗ್ಗೆ ಶೆಡ್ಡು ಗುಡಿಸಿ ಚಾಪೆ ಹಾಸುತ್ತಿದ್ದೆವು. ಹೆಂಗಸರು ಬೆನ್ನಿಗೆ ಕೂಸು ಕಟ್ಟಿಕೊಂಡು, ಕೌದಿಗೆಂದು ತಾವು ಉಟ್ಟು ಬಿಟ್ಟ ಹಳೆ ಬಟ್ಟೆಗಳ ತುಂಡುಗಳ ಗಂಟು ಹೊತ್ತು ಬರುತ್ತಿದ್ದರು. ನಾನು ಹಲಗೆಯ ಮೇಲೆ ಗೆರೆ ಎಳೆದು, ನನ್ನ ಹರಕುಮುರುಕು ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದೆ. ನಿನಗೆ ಅದೂ ಬಾರದು. ಚಾಪೆಯ ಮೇಲೆ ಅವರ ನಡುವೆ ಕುಳಿತು, ಅವರ ಕೈ ಹಿಡಿದು ಸೂಜಿ ಚುಚ್ಚಿಸುತ್ತಿದ್ದೆ. ನನ್ನ ಹೊಲಿಗೆ ದಾರ ಹಿಡಿದಂತೆ ನೇರ, ನಿನ್ನದು ಸೊಟ್ಟ. ಆದರೆ ನಗು ಕೇಳುತ್ತಿದ್ದುದು ನಿನ್ನ ಕಡೆಯಿಂದಲೇ. ಮಧ್ಯಾಹ್ನ ಅವರ ಮೆಕ್ಕೆಜೋಳದ ಮುದ್ದೆಗೆ ನಮ್ಮ ಶೇಂಗಾ ಚಟ್ನಿಪುಡಿ ಹಚ್ಚಿಕೊಂಡು, 'ಇದು ನಮ್ಮ ಜೋಳದ ಸಂಗಟೀನ ಅಲ್ರೀ ಅಕ್ಕಾ, ತಿನ್ರಿ' ಎನ್ನುತ್ತಿದ್ದೆ. ಅವರು ನಿನ್ನನ್ನು ಕರೆಯುತ್ತಿದ್ದುದು 'ಅಮಾಯಿ ಮಾಬು', ಅಂದರೆ ಮಾಬು ತಾಯಿ. ನನ್ನನ್ನು 'ಟೀಚರ್'. ನನ್ನ ಹೆಸರನ್ನು ಯಾರೂ ಕೇಳಿಯೂ ಇರಲಿಲ್ಲ.

ನಾಲ್ಕನೇ ತಿಂಗಳಲ್ಲಿ ಒಬ್ಬಳು ಹೆತ್ತಳು. ಮಗುವಿಗೆ ಮಾಬು ಎಂದೇ ಹೆಸರಿಟ್ಟಳು. ನೀನು ಆ ಕೂಸನ್ನು ತಂದು ನನ್ನ ತೊಡೆಯ ಮೇಲೆ ಮಲಗಿಸಿದೆ. ನಾನು ನಕ್ಕೆ. ಕೂಡಲೇ ಎತ್ತಿ ಅದರ ತಾಯಿಯ ಕೈಗೆ ಕೊಟ್ಟುಬಿಟ್ಟೆ.

ಅದೇ ಹೊತ್ತಿಗೆ ನಮ್ಮನ್ನು ಕರೆಸಿದ್ದ ಸಂಸ್ಥೆಯ ಮುಖ್ಯಸ್ಥೆ ಹೇಳಿದ್ದರು — ಇಬ್ಬರಲ್ಲಿ ಒಬ್ಬರನ್ನು ಇನ್ನೊಂದು ವರ್ಷ ಇಟ್ಟುಕೊಳ್ಳುತ್ತೇವೆ, ಆಮೇಲೆ ದೇವದುರ್ಗದಲ್ಲಿ ತೆರೆಯುವ ಕೌದಿ ಕೇಂದ್ರ ಅವರ ಕೈಗೇ. ಯಾರನ್ನು ಎಂಬುದು ಕೊನೆಯಲ್ಲಿ ನಡೆಯುವ ಕೌದಿ ಪ್ರದರ್ಶನದ ದಿನ ತಿಳಿಯುತ್ತದೆ. ನಿನ್ನನ್ನೇ ಎಂದು ನನಗೆ ಅವತ್ತೇ ತಿಳಿದಿತ್ತು. ಎಲ್ಲರಿಗೂ ತಿಳಿದಿತ್ತು, ನಿನ್ನೊಬ್ಬಳನ್ನು ಬಿಟ್ಟು.

ಕಾಳಿನ ಮಾತು ನಿನಗೆ ಹೇಳಿದವಳು ನಾನೇ. ಒಂದು ಮಳೆಯ ಮಧ್ಯಾಹ್ನ, ಕೆಲಸ ನಿಂತಾಗ. ನನ್ನವ್ವ ಕೌದಿಯ ಕೊನೆಯ ಅಂಚು ಮುಚ್ಚುವ ಮೊದಲು ಒಳಗೆ ಐದು ಕಾಳು ಜೋಳ ಹಾಕುತ್ತಿದ್ದಳು, 'ಬರೇ ಹೊಟ್ಟೀಲೆ ಕೌದಿ ಮುಚ್ಚಬಾರದವ್ವಾ, ಹೊತ್ಕೊಂಡವರು ಹಸೀತಾರ' ಎನ್ನುತ್ತಿದ್ದಳು. ನಿನ್ನ ಕಣ್ಣು ತುಂಬಿತು. ಮರುದಿನವೇ ನೀನು ನಿನ್ನ ಚಾಪೆಯ ಹೆಂಗಸರಿಗೆ ಕೈಸನ್ನೆಯಲ್ಲೇ ಅದನ್ನು ಹೇಳಿಕೊಟ್ಟೆ. ಅವರಿಗೂ ಬಹಳ ಹಿಡಿಸಿತು. ತಮ್ಮ ಮಕ್ಕಳು ಹಸಿಯಬಾರದಲ್ಲ — ಐದು ಕಾಳಿನ ಬದಲು ಹಿಡಿ ಹಿಡಿ ಮೆಕ್ಕೆಜೋಳ ಸುರಿದು ಹೊಲಿದರು.

ನಮ್ಮ ರಾಯಚೂರಿನ ಬಿಸಿಲಲ್ಲಿ ಐದು ಕಾಳು ಒಣಗಿ ಕಲ್ಲಾಗುತ್ತವೆ. ಯಾರಿಗೂ ಏನೂ ಆಗುವುದಿಲ್ಲ. ಅಲ್ಲಿ ಮಳೆಗಾಲ, ಗೋಡೆಯೆಲ್ಲ ತೇವ, ಕಾಳು ಮೆತ್ತಗಾಗಿ ವಾಸನೆ ಬರುತ್ತಿತ್ತು. ಪ್ರದರ್ಶನಕ್ಕೆ ಎಂಟು ದಿನ ಇರುವಾಗ ಎಸ್ತರ್ ಎಂಬ ಹಿರಿಯ ಹೆಂಗಸು ನನ್ನನ್ನು ಬದಿಗೆ ಕರೆದಳು. ಕೌದಿ ಇಟ್ಟಿರುವ ಉಗ್ರಾಣದಲ್ಲಿ ಇಲಿ ಇವೆ, ಕಾಳು ತೆಗೆಸಿಬಿಡಿ, ನಾವು ಹೇಳಿದರೆ ಮಾಬು ನೊಂದುಕೊಳ್ಳುತ್ತಾಳೆ, ನೀವು ದೊಡ್ಡವರು, ನೀವು ಹೇಳಿ — ಎಂದಳು. ಹೇಳುತ್ತೇನೆ ಎಂದೆ.

ಎಂಟು ದಿನ ನಿನ್ನ ಪಕ್ಕದಲ್ಲೇ ಮಲಗಿದೆ, ನಿನ್ನ ಜೊತೆಯೇ ಉಂಡೆ. ನಾಳೆ ಹೇಳಿದರಾಯಿತು ಎಂದುಕೊಂಡೆನೇ? ಇಲ್ಲ. ಅಷ್ಟೂ ದಿನ ಉಗ್ರಾಣದ ಬಾಗಿಲು ನೋಡುತ್ತಿದ್ದೆ.

ಪ್ರದರ್ಶನದ ಬೆಳಿಗ್ಗೆ ಬಾಗಿಲು ತೆಗೆದಾಗ ನಿನ್ನ ಚಾಪೆಯ ಹನ್ನೊಂದು ಕೌದಿಗಳಿಗೂ ತೂತು. ಅರಿವೆಯೆಲ್ಲ ಚಿಂದಿ, ಕಾಳಿನ ಹೊಟ್ಟು, ಹಿಕ್ಕೆ. ನನ್ನ ಕಡೆಯವು ಗಟ್ಟಿಯಾಗಿದ್ದವು. ನಾನು ಯಾರಿಗೂ ಕಾಳು ಹಾಕಿಸಿರಲಿಲ್ಲವಲ್ಲ. ಹೆಂಗಸರು ನೆಲಕ್ಕೆ ಕುಳಿತು ಅತ್ತರು. ಅವರವು ಬರಿಯ ಅರಿವೆಯಾಗಿರಲಿಲ್ಲ. ಮದುವೆಯಲ್ಲಿ ಉಟ್ಟದ್ದು, ಸತ್ತ ತಾಯಿಯದ್ದು. ಅದನ್ನೆಲ್ಲ ಯೋಚಿಸಿಯೇ ಇರಲಿಲ್ಲ ನಾನು. ನಿನ್ನೊಬ್ಬಳನ್ನೇ ನೋಡುತ್ತಿದ್ದೆ.

ಮುಖ್ಯಸ್ಥೆ ಸಿಟ್ಟಿನಿಂದ ನನ್ನ ಕಡೆ ತಿರುಗಿದರು. 'ಕಾಳು ತುಂಬುವುದನ್ನು ಕಲಿಸಿದ್ದು ಯಾರು? ನಿಮ್ಮ ಊರಿನ ಪದ್ಧತಿಯೇ ಇದು?'

'ಇಲ್ಲ, ಇಂಥದ್ದನ್ನು ನಾನು ಕೇಳಿಯೇ ಇಲ್ಲ' ಎಂದೆ.

ನಿನಗೆ ಇಂಗ್ಲಿಷು ತಿಳಿಯದಿದ್ದರೂ ನನ್ನ ತಲೆ ಅಡ್ಡಡ್ಡ ಆಡಿದ್ದು ತಿಳಿಯಿತು. ನೀನು ನನ್ನನ್ನು ನೋಡಿದೆ. ಹೇಳಿದ್ದು ಇವಳೇ ಎಂದು ನನ್ನತ್ತ ಬೆರಳು ತೋರಿಸಿದ್ದರೆ ಸಾಕಿತ್ತು. ನೀನು ತೋರಿಸಲಿಲ್ಲ. ಎಸ್ತರ್ ಕೂಡ ನನ್ನನ್ನೇ ನೋಡುತ್ತಿದ್ದಳು. ಅವಳೂ ಬಾಯಿ ಬಿಡಲಿಲ್ಲ, ಆದರೆ ಆಮೇಲೆ ನಾನಿದ್ದ ಒಂದು ವರ್ಷ ನನ್ನ ಚಾಪೆಗೆ ಬರಲಿಲ್ಲ.

ನಾಲ್ಕು ದಿನಕ್ಕೆ ನಿನ್ನನ್ನು ಊರಿಗೆ ಕಳಿಸಿದರು. ಗಾಡಿ ಹತ್ತುವಾಗ ನೀನು ಅಂದದ್ದು ಇಷ್ಟೇ: 'ನಿಮ್ಮವ್ವನ ಹೆಸರು ನಾನು ತಗೀಲಿಲ್ರೀ ಅಕ್ಕಾ. ಸತ್ತೋರ ಮ್ಯಾಲ ಯಾಕ ತಪ್ಪು ಹಾಕಾದು?'

ನೀನು ನನ್ನನ್ನು ಕಾಯಲಿಲ್ಲ, ನನ್ನವ್ವನನ್ನು ಕಾಯ್ದೆ. ನಾನು ನನ್ನವ್ವನನ್ನೇ ಇಲ್ಲವೆಂದವಳು.

ಈಗ ದೇವದುರ್ಗದ ಕೇಂದ್ರ ನನ್ನದು. ವಿದೇಶದಲ್ಲಿ ಕಲಿಸಿ ಬಂದವರು ಎಂದು ಶಾಲು ಹೊದಿಸುತ್ತಾರೆ. ಮಾತು ಬೆಳ್ಳಿ, ಮೌನ ಬಂಗಾರ ಎಂದು ಗೋಡೆಗೆ ನಾನೇ ಬರೆಸಿದ್ದೇನೆ — ಎಂಥ ಧೈರ್ಯ ನೋಡು. ಹೋದ ವಾರ ಹೊಸ ಹುಡುಗಿಯೊಬ್ಬಳು ಕೌದಿಯ ಅಂಚು ಮುಚ್ಚುವ ಮೊದಲು ಮುಷ್ಟಿ ಬಿಚ್ಚಿದಳು. ಜೋಳದ ಕಾಳು. ನಾನು ಕೂಗಾಡಿದೆ: 'ಯಾರು ಕಲಿಸ್ಯಾರ ನಿನಗ ಇದನ್ನ?'

'ನಮ್ಮವ್ವ ರೀ' ಎಂದಳು. ಒಂದು ಕ್ಷಣವೂ ತಡೆಯಲಿಲ್ಲ.

ಅವತ್ತಿನಿಂದ ಬರೆಯುತ್ತಿದ್ದೇನೆ. ಬರೆಯುತ್ತ ಬರೆಯುತ್ತ ಇನ್ನೊಂದು ಗೊತ್ತಾಯಿತು. ನೀನು ಕಲಿತದ್ದು ಉರ್ದು ಶಾಲೆಯಲ್ಲಿ. ಕನ್ನಡ ಆಡುತ್ತೀಯೇ ಹೊರತು ಓದಲು ಬಾರದು. ಅದು ಗೊತ್ತಿದ್ದೇ ಇದನ್ನು ಕನ್ನಡದಲ್ಲಿ ಬರೆಯಲು ಕುಳಿತೆನೇ? ಬರೆದೆ, ಹಗುರಾದೆ, ನಿನಗಂತೂ ಮುಟ್ಟಲಿಲ್ಲ — ಎಂದಾಗಲಿ ಎಂದೇ? ಇರಬಹುದು. ನನ್ನ ಬುದ್ಧಿ ನನಗೆ ಗೊತ್ತು.

ಆದ್ದರಿಂದ ಅಂಚೆಗೆ ಹಾಕುವುದಿಲ್ಲ. ಕೇಂದ್ರದ ಹೆಂಗಸರಿಗೆ ನಾಳೆ ಓದಿ ಹೇಳುತ್ತೇನೆ. ನಾಡಿದ್ದು ಮಾನ್ವಿ ಬಸ್ಸು ಹತ್ತುತ್ತೇನೆ. ನೀನು ಹೊಲಿಗೆ ನಿಲ್ಲಿಸಬೇಡ, 'ಬರ್ರಿ ಅಕ್ಕಾ, ಕುಂದರ್ರಿ' ಎನ್ನಲೂಬೇಡ. ನಿನ್ನ ಬಾಗಿಲಲ್ಲಿ ನಿಂತು, ಓಣಿಗೆಲ್ಲ ಕೇಳುವ ಹಾಗೆ, ಮೊದಲ ಸಾಲಿನಿಂದ ನಾನೇ ಓದುತ್ತೇನೆ.