ಐದನೆಯ ಪ್ರಶ್ನೆಗೆ ರಮ್ಯ ಹೇಳಿದ ಉತ್ತರ

ನಾನು ಇಂಥ ವಿಷಯಗಳನ್ನು ನಂಬುವವಳಲ್ಲ. ಸತ್ತವರು ಕನಸಿನಲ್ಲಿ ಬಂದರು, ಕಾಣದವರು ಕರೆದರು ಎಂದು ಯಾರಾದರೂ ಶುರುಮಾಡಿದರೆ ನಾನು ಎದ್ದು ದನಕ್ಕೆ ಹುಲ್ಲು ಹಾಕಲು ಹೋಗುತ್ತೇನೆ. ಹುಟ್ಟಿನಿಂದಲೇ ಹೀಗಿದ್ದೆ ಎಂದಲ್ಲ. ಒಂದು ಕಾಲದಲ್ಲಿ ಎಲ್ಲವನ್ನೂ ನಂಬಿದ್ದೆ, ಬೇಕಾದ್ದಕ್ಕಿಂತ ಹೆಚ್ಚೇ ನಂಬಿದ್ದೆ. ಅದರಿಂದ ಆದದ್ದನ್ನು ಕಂಡ ಮೇಲೆ ಬಿಟ್ಟೆ. ಆದ್ದರಿಂದ ಈಗ ಬರೆಯುವುದನ್ನು ನೀವು ನಂಬಲೇಬೇಕು ಎಂದು ನಾನು ಹೇಳುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಕಲಿತದ್ದು ನಾಲ್ಕನೇ ಕ್ಲಾಸು. ಅಕ್ಷರ ತಪ್ಪಿದ್ದರೆ ತಿದ್ದಿಕೊಳ್ಳಿ.

ನಮ್ಮದು ಕಾಸರಗೋಡಿನ ಕಡೆಯ ಎಣ್ಮಕಜೆ. ಗೇರು ತೋಟದಲ್ಲಿ ಬೀಜ ಹೆಕ್ಕಿ ಬದುಕಿದವಳು ನಾನು. ರಮ್ಯ ನನ್ನ ಮಗಳು ಸುಶೀಲಳ ಮಗಳು. ಹತ್ತು ತಿಂಗಳ ಶಿಶುವಾಗಿದ್ದಾಗಲೇ ಅವಳಿಗೆ ಫಿಟ್ಸ್ ಶುರುವಾಯಿತು. ನಮ್ಮ ಊರಿನ ಹೆಸರು ಹೇಳಿದ ಕೂಡಲೇ ಜನ ಗೇರು ತೋಟಕ್ಕೆ ಹೊಡೆದ ಕೀಟದ ಮದ್ದಿನ ಸುದ್ದಿ ತೆಗೆಯುತ್ತಾರೆ. ಇವಳ ಸೀಕು ಅದರಿಂದಲೋ ಅಲ್ಲವೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ನಾನು ಹೇಳುವುದಿಲ್ಲ.

ಆಗ ಒಬ್ಬ ಡಾಕ್ಟರು ಫಿಟ್ಸಿಗೆ ಒಂದು ಸಿರಪ್ಪು ಕೊಟ್ಟರು. ಕೆಲವು ದಿನ ಕುಡಿಸಿದ ಮೇಲೆ ಮಗುವಿನ ಮೈ ಕೆಂಪಾಯಿತು, ಗುಳ್ಳೆ ಎದ್ದಿತು. ಮದ್ದು ಆಗುತ್ತಿಲ್ಲ ಎಂದು ಸುಶೀಲ ಹೇಳಿದಳು. ನಾನು ಕೇಳಲಿಲ್ಲ. ಇದು ನಾಗನ ದೋಷ ಎಂದೆ. ಜೋಯಿಸರ ಹತ್ತಿರ ಕೇಳಿ ನಾಗನ ಕಲ್ಲಿಗೆ ಹಾಲೆರೆದು ತಂಬಿಲದ ಪೂಜೆ ಮಾಡಿಸಿದೆ. ಮದ್ದು ನಿಲ್ಲಿಸಿದರೆ ಫಿಟ್ಸ್ ಬಂದು ಮಗು ಸಾಯುತ್ತದೆ ಎಂದು ಸುಶೀಲಳನ್ನು ಗದರಿಸಿ, ಎರಡು ದಿನ ನಾನೇ ಆ ಸಿರಪ್ಪನ್ನು ಬಾಯಿಗೆ ಹೊಯ್ದೆ. ಚರ್ಮ ಎದ್ದು ಬರತೊಡಗಿತು. "ಚರ್ಮ ಬಟ್ಟೆಗೆ ಹೋಗ್ತದೆ ಅಮ್ಮ, ಬಾಳೆ ಎಲೆ ಕೊಯ್ಕೊಂಡು ಬನ್ನಿ" ಎಂದು ಸುಶೀಲ ಕಿರುಚಿದಳು. ಎಲೆಗೆ ತೆಂಗಿನೆಣ್ಣೆ ಸವರಿ, ಅದರ ಮೇಲೆ ಮಗುವನ್ನು ಮಲಗಿಸಿ ಎತ್ತಿಕೊಂಡು, ನನ್ನ ಮುಖ ಸಹ ನೋಡದೆ ಒಬ್ಬಳೇ ಮಂಗಳೂರಿಗೆ ಹೋದಳು. ಮಗು ಬದುಕಿತು. ನಾಗನನ್ನು ನಾನು ದೂರುವುದಿಲ್ಲ. ಮದ್ದು ಕುಡಿಸು ಎಂದು ಅವನು ಹೇಳಿರಲಿಲ್ಲ. ಹೇಳಿದವಳು, ಕುಡಿಸಿದವಳು ನಾನು.

ರಮ್ಯಳಿಗೆ ಎರಡು ವರ್ಷ ತುಂಬುವ ಮೊದಲೇ ಸುಶೀಲ ಎರಡನೆಯ ಹೆರಿಗೆಯಲ್ಲಿ ಮಗುವಿನ ಜೊತೆಗೇ ತೀರಿಹೋದಳು. ಅಳಿಯ ಬೊಂಬಾಯಿಯ ಹೋಟೆಲಿನಲ್ಲಿದ್ದವನು ಅಲ್ಲಿಯೇ ಇನ್ನೊಂದು ಸಂಸಾರ ಮಾಡಿಕೊಂಡ. ನನ್ನ ಗಂಡ ಅದಕ್ಕೂ ಮೊದಲೇ ಹೋಗಿದ್ದರು. ಹೀಗೆ ಬಾಳೆ ಎಲೆಯ ಸಂಗತಿ ಗೊತ್ತಿರುವವಳು ನಾನೊಬ್ಬಳೇ ಉಳಿದೆ. ಅದನ್ನು ನಾನು ಯಾರಲ್ಲೂ ಎತ್ತಲಿಲ್ಲ.

ಮೂರನೆಯ ವರ್ಷದಿಂದ ರಮ್ಯಳನ್ನು ಕಾಸರಗೋಡಿನ ಒಬ್ಬ ಮಕ್ಕಳ ಡಾಕ್ಟರು ನೋಡುತ್ತಿದ್ದರು. ಒಳ್ಳೆಯ ಮನುಷ್ಯ, ಬಾಯಿ ಮಾತ್ರ ನನ್ನ ಹಾಗೆಯೇ ಜೋರು. ಅವರು ಕೊಟ್ಟ ಮಾತ್ರೆಯಲ್ಲಿ ಫಿಟ್ಸ್ ಹತೋಟಿಗೆ ಬಂತು. ಹುಡುಗಿ ಬೆಳೆದಳು. ಪ್ಲಸ್ ಟು ಮುಗಿಯುವ ಹೊತ್ತಿಗೆ, ಗೋಡೆಯಲ್ಲಿ ಆನೆ ಮೊಲದ ಚಿತ್ರ ಇರುವ ಆ ಕೋಣೆಯ ಸಣ್ಣ ಸ್ಟೂಲಿನಲ್ಲಿ ಇವಳು ಮೊಣಕಾಲು ಗಲ್ಲಕ್ಕೆ ತಾಗಿಸಿ ಕೂತುಕೊಳ್ಳುತ್ತಿದ್ದಳು.

"ಅಜ್ಜಿ, ಇನ್ನು ಇವಳನ್ನು ದೊಡ್ಡವರ ಡಾಕ್ಟರಿಗೆ ತೋರಿಸ್ಬೇಕು" ಎಂದರು ಒಂದು ದಿನ.

"ನೀವೇ ನೋಡಿ ಡಾಕ್ಟ್ರೇ. ನಾನು ಸಾಯುವವರೆಗೆ ಸಾಕು."

"ನೀವು ಸತ್ತ ಮೇಲೆ ಇವಳು ಎಂತ ಮಾಡುದು?"

ಅವರೇ ಮುಂದುವರಿಸಿದರು. "ಹದಿನೈದು ವರ್ಷ ನಾನು ಪ್ರಶ್ನೆ ಕೇಳಿದ್ದು ಇವಳಲ್ಲಿ, ಉತ್ತರ ಕೊಟ್ಟದ್ದು ನೀವು. ಅಲ್ಲಿ ಅದು ನಡಿಯುದಿಲ್ಲ. ಅಲ್ಲಿ ಇವಳೇ ಹೇಳ್ಬೇಕು. ಆರು ತಿಂಗಳು ಸಮಯ ಕೊಡ್ತೇನೆ, ಕಲಿಸಿ."

ಒಂದು ಚೀಟಿಯಲ್ಲಿ ಐದು ಪ್ರಶ್ನೆ ಬರೆದುಕೊಟ್ಟರು. ನಿನ್ನ ಸೀಕು ಯಾವುದು? ಎಷ್ಟು ವರ್ಷದಿಂದ ಉಂಟು? ಯಾವ ಮಾತ್ರೆ, ಎಷ್ಟು ಹೊತ್ತಿಗೆ? ಕೊನೆಯ ಸಲ ಫಿಟ್ಸ್ ಬಂದದ್ದು ಯಾವಾಗ? ಯಾವುದಾದರೂ ಮದ್ದು ನಿನಗೆ ಆಗದೆ ಬಂದದ್ದು ಉಂಟಾ?

ಅಂದೇ ಬಸ್ಸಿನಲ್ಲಿ ನಿಶ್ಚಯ ಮಾಡಿದೆ. ನಾನು ಇರುವಾಗಲೇ ಇವಳಿಗೆ ಬಾಯಿ ಬರಬೇಕು. ಆ ಆರು ತಿಂಗಳು ದಿನಾ ಸಂಜೆ ಜಗಲಿಯಲ್ಲಿ ಡಾಕ್ಟರಾಟ. ನಾನು ಮೈ ಒರಸುವ ಬೈರಾಸನ್ನು ಸ್ಟೆತಸ್ಕೋಪಿನ ಹಾಗೆ ಕೊರಳಿಗೆ ಹಾಕಿಕೊಂಡು ಕುರ್ಚಿಯಲ್ಲಿ ಡಾಕ್ಟರು. ಅವಳು ಎದುರಿನ ಮಣೆಯಲ್ಲಿ ಕೂತು ಹೇಳಬೇಕು. ಹುಡುಗಿ ನಾಚಿಕೆಯವಳು, ಎಲ್ಲದಕ್ಕೂ ನನ್ನ ಮುಖ ನೋಡುತ್ತಿದ್ದಳು.

"ನನ್ನ ಮುಖದಲ್ಲಿ ಎಂತ ಬರ್ದುಂಟಾ? ಬಾಯಲ್ಲಿ ಅವಲಕ್ಕಿ ತುಂಬಿಸಿಕೊಂಡ ಹಾಗೆ ಮಾತಾಡಬೇಡ" ಎಂದು ನಾನು ಬಯ್ಯುವುದು.

"ಯಾವ ಡಾಕ್ಟ್ರೂ ನಿನ್ನ ಹಾಗೆ ಬೈಯುದಿಲ್ಲ ಅಜ್ಜಿ. ನೀನು ಡಾಕ್ಟ್ರಲ್ಲ, ಪೊಲೀಸು" ಎಂದು ಅವಳು ನಗುವುದು.

ಮೊದಲಿನ ನಾಲ್ಕು ಪ್ರಶ್ನೆಗಳನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುವಷ್ಟು ಕಲಿಸಿದೆ. ಐದನೆಯದಕ್ಕೆ "ಯಾವುದೂ ಇಲ್ಲ" ಎಂದು ಹೇಳಿಕೊಟ್ಟೆ. ಬೇಕೆಂದೇ ಹಾಗೆ ಹೇಳಿಕೊಟ್ಟೆಯಾ ಎಂದು ನೀವು ಕೇಳಬಹುದು. ಮಕ್ಕಳ ಡಾಕ್ಟರು ಮೊದಲ ದಿನ ಕೇಳಿದಾಗಲೂ ನಾನು ಇಲ್ಲ ಎಂದಿದ್ದೆ. ಹೇಳಿ ಹೇಳಿ ಅದು ನನಗೆ ನಿಜವೇ ಆಗಿಹೋಗಿತ್ತು. ಆ ಸಿರಪ್ಪಿನ ಹೆಸರೂ ನನಗೆ ಮರೆತಿತ್ತು. ಹೆಸರೇ ಇಲ್ಲದ ಮದ್ದಿನ ಸುದ್ದಿ ಹೇಳಿ ಏನು ಪ್ರಯೋಜನ ಎಂದು ಒಳಗೆ ಸಮಾಧಾನ ಮಾಡಿಕೊಂಡಿದ್ದೆ. ಇದು ಕುಂಟು ನೆಪ ಎಂದು ಈಗ ಗೊತ್ತುಂಟು.

ದೊಡ್ಡವರ ಡಾಕ್ಟರು ಪ್ರಾಯವಾದ ಒಬ್ಬರು ಹೆಂಗಸು. ಬೆಳಿಗ್ಗೆ ಹನ್ನೊಂದು ಗಂಟೆಗೆ ನಮ್ಮನ್ನು ಕರೆದರು. ಹಳೆಯ ಡಾಕ್ಟರು ಬರೆದ ಕಾಗದ ಓದಿ ನನ್ನ ಕಡೆ ತಿರುಗಿದರು. "ಅಜ್ಜಿ, ಕೂತ್ಕೊಳ್ಳಿ. ಆದ್ರೆ ಮಾತಾಡ್ಬೇಡಿ." ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತೆ.

ರಮ್ಯ ಒಂದೊಂದಾಗಿ ಹೇಳಿದಳು. ಮೊದಲು ಸ್ವರ ನಡುಗಿತು, ಆಮೇಲೆ ಸರಿಯಾಯಿತು. ಡಾಕ್ಟರಮ್ಮ ತಲೆದೂಗಿದರು. ಈಗ ತಿನ್ನುವ ಮಾತ್ರೆ ಮುಂದೆ ಮದುವೆಯಾಗಿ ಬಸುರಾದರೆ ಹೊಟ್ಟೆಯ ಮಗುವಿಗೆ ಒಳ್ಳೆಯದಲ್ಲ, ಈಗಲೇ ನಿಧಾನವಾಗಿ ಬದಲಾಯಿಸುವ ಎಂದು ಬಿಡಿಸಿ ಹೇಳಿದರು. ಹೊಸ ಮಾತ್ರೆಯ ಹೆಸರನ್ನು ಚೀಟಿಯಲ್ಲಿ ಬರೆದರು. ಬರೆದು ಮುಗಿಸಿ, ಕಾಗದದಲ್ಲಿ ಇಲ್ಲ ಎಂದು ಇದ್ದರೂ ಒಮ್ಮೆ ಕೇಳುವ ಎಂಬ ಹಾಗೆ, "ಯಾವ ಮದ್ದೂ ಆಗದೆ ಬಂದದ್ದಿಲ್ಲ ಅಲ್ವಾ?" ಎಂದರು.

ರಮ್ಯ ನನ್ನ ಮುಖ ನೋಡಲಿಲ್ಲ. ತನ್ನ ಅಂಗೈಗಳನ್ನು ನೋಡಿಕೊಂಡಳು. "ಉಂಟು" ಎಂದಳು.

"ನಾನು ಸಣ್ಣ ಮಗು ಇರುವಾಗ ಫಿಟ್ಸಿಗೆ ಒಂದು ಸಿರಪ್ಪು ಕೊಟ್ಟಿದ್ರು. ಅದರಲ್ಲಿ ಮೈ ಕೆಂಪಾಗಿ ಗುಳ್ಳೆ ಬಂದು ಚರ್ಮ ಎದ್ದಿತ್ತು. ಚರ್ಮ ಬಟ್ಟೆಗೆ ಹೋಗ್ತದೆ ಅಂತ ಬಾಳೆ ಎಲೆಯಲ್ಲಿ ಮಲಗಿಸಿ ಮಂಗಳೂರಿಗೆ ಕರ್ಕೊಂಡು ಹೋದದ್ದು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಚೀಟಿಯನ್ನು ಎತ್ತಿ ನಾಲ್ಕು ತುಂಡು ಮಾಡಿದರು. ಸಿರಪ್ಪಿನ ಹೆಸರು ಗೊತ್ತಿಲ್ಲದಿದ್ದರೂ ಆ ಕಾಲದಲ್ಲಿ ಮಕ್ಕಳಿಗೆ ಕೊಡುತ್ತಿದ್ದದ್ದು ಎರಡು ಮೂರೇ, ತಾನು ಬರೆದದ್ದು ಅದೇ ಜಾತಿಗೆ ಸೇರಿದ್ದು, ತಿಂದಿದ್ದರೆ ಈ ಸಲ ಜೀವಕ್ಕೇ ಅಪಾಯವಾಗಬಹುದಿತ್ತು ಎಂದರು. ಆಮೇಲೆ ನನ್ನನ್ನು ನೋಡಿ, "ಹೌದಾ ಅಜ್ಜಿ ಇದು?" ಎಂದರು.

ನಾನು ಬಾಯಿಯಿಂದ ಸೆರಗು ತೆಗೆದೆ. "ಹೌದು" ಎಂದೆ. ಅವರು ಬೇರೆ ಮಾತ್ರೆ ಬರೆದರು. ಆಸ್ಪತ್ರೆಯಲ್ಲಿ ಕೊಟ್ಟ ರಮ್ಯಳ ಹೊಸ ಚಿಕಿತ್ಸೆಯ ಪುಸ್ತಕದ ರಟ್ಟಿನ ಮೇಲೆ ಕೆಂಪು ಶಾಯಿಯಲ್ಲಿ ದೊಡ್ಡದಾಗಿ ಏನೋ ಬರೆದು ಕೆಳಗೆ ಎರಡು ಗೆರೆ ಎಳೆದರು.

ಬಸ್ಸು ಹತ್ತಿ ಕೂತ ಮೇಲೆ ಕೇಳಿದೆ. "ನಿನಗೆ ಅದು ಯಾರು ಹೇಳಿದ್ದು?"

"ನೀನೇ."

"ನಾನು ಯಾವಾಗ ಹೇಳಿದ್ದು ಮಾರಾಯ್ತಿ?"

"ಡಾಕ್ಟರಾಟ ಆಡುವಾಗ. ನೀನು ಜಗಲಿಯಲ್ಲಿ ಹಲಸಿನ ಸೊಳೆ ಬಿಡಿಸಿಕೊಂಡು ಇದ್ದೆ, ಕೈಗೆ ಎಣ್ಣೆ ಹಚ್ಚಿಕೊಂಡು. ಐದನೇ ಪ್ರಶ್ನೆಗೆ ಇಲ್ಲ ಅಂತ ಹೇಳ್ಬೇಡ, ಹೀಗೆ ಹೇಳು ಅಂದೆ. ನೆನಪಿಲ್ವಾ?"

ಆ ವರ್ಷ ನಮ್ಮ ಹಲಸಿನ ಮರದಲ್ಲಿ ಒಂದೇ ಒಂದು ಕಾಯಿ ಬಿಟ್ಟಿರಲಿಲ್ಲ. ಹೊರಗಿನಿಂದ ನಾವು ತಂದದ್ದೂ ಇಲ್ಲ. ಇದನ್ನು ಹೇಳಿದರೆ ಅವಳು, "ನಿನಗೆ ಮರ್ತಿದೆ ಅಜ್ಜಿ, ಪ್ರಾಯ ಆಯ್ತು" ಎಂದು ನಕ್ಕು ಕಿಟಕಿಯ ಕಡೆ ತಿರುಗಿದಳು. ಅವಳ ಮುಖದಲ್ಲಿ ಸುಳ್ಳು ಇರಲಿಲ್ಲ. ಅವಳ ಸುಳ್ಳು ನನಗೆ ಗೊತ್ತಾಗುತ್ತದೆ.

ನಾನು ಸುಮ್ಮನೆ ಬಿಡುವವಳಲ್ಲ. ಮರುವಾರವೇ ಮಕ್ಕಳ ಡಾಕ್ಟರಲ್ಲಿಗೆ ಹೋಗಿ ಕೇಳಿದೆ. ಅವರು ರಮ್ಯಳ ಹಳೆಯ ಚಿಕಿತ್ಸೆಯ ಪುಸ್ತಕ ತೆಗೆದು ಮೊದಲ ಪುಟ ತೋರಿಸಿದರು; ಆಗದ ಮದ್ದು ಯಾವುದೂ ಇಲ್ಲ ಎಂದೇ ಇತ್ತು. ಇಷ್ಟು ವರ್ಷ ಯಾಕೆ ಮುಚ್ಚಿಟ್ಟದ್ದು ಎಂದು ಬೈದರು. ಬೈಸಿಕೊಂಡೆ. ಮಂಗಳೂರಿನ ಆಸ್ಪತ್ರೆಯ ಕಾಗದಗಳನ್ನು ಸುಶೀಲ ಟ್ರಂಕಿನಲ್ಲಿ ಇಟ್ಟಿದ್ದಳು. ರಮ್ಯಳಿಗೆ ಓದಲು ಬರುವ ಮೊದಲೇ ಅವೆಲ್ಲ ಗೆದ್ದಲಿಗೆ ಹೋಗಿದ್ದವು. ಹದಿನಾರು ವರ್ಷ ಮಾತು ಬಿಟ್ಟಿದ್ದ ಅಳಿಯನಿಗೂ ಫೋನು ಮಾಡಿಸಿದೆ. ಮಗುವಿಗೆ ಮೈ ಸರಿ ಇರಲಿಲ್ಲ ಎಂದು ಪತ್ರ ಬಂದದ್ದು ಬಿಟ್ಟು ಅವನಿಗೆ ಏನೂ ತಿಳಿಯದು. ಜೋಯಿಸರು ಕಂಡದ್ದು ಗುಳ್ಳೆಯನ್ನು ಮಾತ್ರ, ಅವರೂ ಈಗ ಇಲ್ಲ. ನಾನೇ ನಿದ್ದೆಯಲ್ಲಿ ಮಾತಾಡಿದೆನೇ? ಇರಬಹುದು. ಆದರೆ ನಿದ್ದೆಯಲ್ಲಿ ಯಾರೂ ಜಗಲಿಯಲ್ಲಿ ಕೂತು ಹಲಸಿನ ಸೊಳೆ ಬಿಡಿಸುವುದಿಲ್ಲ.

ಅವಳಿಗೆ ಬಾಳೆ ಎಲೆ ಗೊತ್ತುಂಟು ಎಂದಾದರೆ ಇನ್ನೊಂದು ಗೊತ್ತುಂಟೋ ಇಲ್ಲವೋ? ಮದ್ದನ್ನು ಹೊಯ್ದ ಕೈ ಯಾರದ್ದು ಎಂಬುದು? ಇದು ನನ್ನನ್ನು ತಿಂಗಳುಗಟ್ಟಲೆ ತಿಂದಿತು. ಕೊನೆಗೆ ನನಗೇ ಸಿಟ್ಟು ಬಂತು. ಹುಡುಗಿಗೆ ಬಾಯಿ ಬರಬೇಕು ಎಂದು ಹಠ ಹಿಡಿದವಳು ನಾನು, ನನಗೇ ಬಾಯಿ ಬರುವುದಿಲ್ಲ ಎಂದರೆ ಹೇಗೆ? ಆ ಹೊತ್ತಿಗೆ ಅವಳು ಒಬ್ಬಳೇ ಬಸ್ಸು ಹತ್ತಿ ಡಾಕ್ಟರಮ್ಮನ ಹತ್ತಿರ ಹೋಗಿ ಬರುತ್ತಿದ್ದಳು. ಒಂದು ಭಾನುವಾರ ಬೆಳಿಗ್ಗೆ, ಅವಳು ಜಗಲಿಯಲ್ಲಿ ಕೂತು ವಾರದ ಮಾತ್ರೆಗಳನ್ನು ಡಬ್ಬಿಯ ಖಾನೆಗಳಿಗೆ ತುಂಬಿಸುತ್ತಿರುವಾಗ, ಎದುರಿನ ಮಣೆಯಲ್ಲಿ ನಾನು ಕೂತೆ.

ನಾಗನ ವಿಷಯ ಹೇಳಿದೆ. ಸುಶೀಲ ಬೇಡ ಎಂದದ್ದನ್ನು ಹೇಳಿದೆ. "ಎರಡು ದಿನ ನಾನೇ ಹಿಡಿದು ಕುಡಿಸಿದೆ. ನಿನ್ನ ಅಮ್ಮ ಬೇಡ ಅಂದ್ರೂ ಎರಡು ದಿನ" ಎಂದೆ. ನೆಪ ಯಾವುದನ್ನೂ ಹೇಳಲಿಲ್ಲ.

ರಮ್ಯ ಡಬ್ಬಿಯಿಂದ ತಲೆ ಎತ್ತಲಿಲ್ಲ. ಬುಧವಾರದ ಖಾನೆಗೆ ಮಾತ್ರೆ ಹಾಕಿ ಮುಚ್ಚಳ ಒತ್ತಿದಳು.

"ಎರಡು ಅಲ್ಲ ಅಜ್ಜಿ, ಮೂರು" ಎಂದಳು.

ಅವಳ ಸ್ವರದಲ್ಲಿ ಸಿಟ್ಟು ಇರಲಿಲ್ಲ, ಲೆಕ್ಕ ತಪ್ಪಿದ ಮಗುವನ್ನು ತಿದ್ದುವ ಹಾಗಿತ್ತು. ಆಮೇಲೆ ಗುರುವಾರದ ಖಾನೆ ತೆರೆದಳು.

ಎರಡು ಎಂದು ನಾನು ಇಷ್ಟು ವರ್ಷ ನನಗೇ ಹೇಳಿಕೊಂಡು ಬಂದಿದ್ದೆ. ಮೇಲೆ ನಿಮಗೆ ಬರೆಯುವಾಗಲೂ ಕೈ ಅದನ್ನೇ ಬರೆದಿದೆ, ನೋಡಿ. ಅಂದು ಆ ಮಣೆಯಲ್ಲಿ ಕೂತು ಬೆರಳು ಮಡಚಿದೆ. ಜೋಯಿಸರಲ್ಲಿಗೆ ಓಡಿ ಹೋಗಿ ಬಂದು, ಮೊದಲ ಸಲ ನಾನೇ ಸಿರಪ್ಪು ಹೊಯ್ದದ್ದು ಶುಕ್ರವಾರ. ತಂಬಿಲಕ್ಕೆ ಹಾಲು ಕೇಳಿಕೊಂಡು ಬಂದದ್ದು ಶನಿವಾರ. ತಂಬಿಲ ಭಾನುವಾರ. ಸುಶೀಲ ಬಸ್ಸು ಹತ್ತಿದ್ದು ಸೋಮವಾರ ಬೆಳಿಗ್ಗೆ.

ಮಡಚಿದ ಬೆರಳು ಮೂರು.