ನಲವತ್ತೊಂದು ಕಾರ್ಡುಗಳು, ಒಂದು ರಬ್ಬರ್

ಹೋದ ಶುಕ್ರವಾರ ಬೆಳಿಗ್ಗೆ ಹೊಸ ರಬ್ಬರೊಂದನ್ನು ಹಿಡಿದು ಕುಳಿತು, ನಲವತ್ತೊಂದು ಕಾರ್ಡುಗಳ ಹಿಂಬದಿಯಲ್ಲಿದ್ದ ಪೆನ್ಸಿಲ್ ಬರಹವನ್ನೆಲ್ಲ ಅಳಿಸಿದೆ. ಎರಡು ಗಂಟೆ ಹಿಡಿಯಿತು. ಒಂದು ಕಾರ್ಡಿನ ಮೂಲೆ ಕೂಡ ಮಡಚಲಿಲ್ಲ.

ಭಾನುವಾರ ಸಂಜೆ ಒಬ್ಬರು ಮನೆಗೆ ಬಂದು ಆ ಬರಹವನ್ನೇ ಕೇಳಿದರು.

ಈ ಅಂಕಣದಲ್ಲಿ ನನ್ನ ಮನೆಯ ವಿಷಯ ಬರೆಯುವುದು ಕಡಿಮೆ. (ಆಫೀಸಿನ ನನ್ನ ಮೇಜಿನ ಮೇಲೆ ಒಂದು ಫೋಟೋ ಕೂಡ ಇಲ್ಲ ಎಂದು ಜೊತೆಯವರು ಚೇಷ್ಟೆ ಮಾಡುವುದುಂಟು.) ಆದರೆ ಈ ವಾರ ಬೇರೆ ಏನು ಬರೆಯಲು ಹೊರಟರೂ ಎರಡನೇ ಸಾಲಿಗೆ ನಿಂತುಹೋಗುತ್ತಿದೆ. ಆದ್ದರಿಂದ ಹೆಸರುಗಳನ್ನು ಬದಲಿಸಿ, ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಅವು ಬೇಸ್‌ಬಾಲ್ ಕಾರ್ಡುಗಳು. ಇಸ್ಪೀಟಿನ ಎಲೆಗಿಂತ ತುಸು ದೊಡ್ಡವು, ದಪ್ಪ ರಟ್ಟಿನವು. ಎದುರಿಗೆ ಬಣ್ಣದಲ್ಲಿ ಒಬ್ಬ ಆಟಗಾರ, ಹಿಂದೆ ಬೂದು ಬಣ್ಣದ ಮೇಲೆ ಸಣ್ಣ ಅಕ್ಷರದಲ್ಲಿ ಅವನ ಅಂಕಿ ಅಂಶ. ಅಮೆರಿಕದಲ್ಲಿ ಇಂಥವನ್ನು ಕೂಡಿಡುವವರು ಲಕ್ಷಗಟ್ಟಲೆ ಇದ್ದಾರಂತೆ. ಮಸ್ಕತ್ತಿನಲ್ಲಿ, ಕರಾವಳಿಯ ಕಡೆಯಿಂದ ಬಂದ, ಬೇಸ್‌ಬಾಲನ್ನು ಒಮ್ಮೆಯೂ ನೋಡದ ಹುಡುಗಿಯ ಕೈಗೆ ಅವು ಹೇಗೆ ಬಂದವು?

ಅಂಗಡಿಯಿಂದ. ಹತ್ತು ವರ್ಷದ ಹಿಂದೆ, ಎಂಬತ್ತರ ದಶಕದ ನಡುವಿನಲ್ಲಿ, ಅಲ್ ಅಜೈಬಾದ ನಮ್ಮ ಕಟ್ಟಡದ ಕೆಳಗೆ ಅಬ್ಬಾಸಾಕನ ಅಂಗಡಿ ಇತ್ತು. ಬಂಟ್ವಾಳದ ಕಡೆಯ ಬ್ಯಾರಿಗಳು. ಊರಿನ ಅಕ್ಕಿ, ಹುಣಸೆಹಣ್ಣು, ಹಾಲಿನ ಹುಡಿ, ಶಾಲೆಯ ಪುಸ್ತಕ ಎಲ್ಲ ಸಿಗುತ್ತಿತ್ತು. ಅವರ ಮಗಳು ಸಫಿಯಾ ನನ್ನದೇ ಕ್ಲಾಸು. ಹತ್ತಿರದ ವಿಲ್ಲಾದಲ್ಲಿದ್ದ ಅಮೆರಿಕದ ಹೆಂಗಸೊಬ್ಬರು ದೇಶ ಬಿಟ್ಟು ಹೋಗುವಾಗ ಚಪ್ಪಲಿಯ ಡಬ್ಬವೊಂದನ್ನು ಕೌಂಟರಿನ ಮೇಲಿಟ್ಟು, ‘ನಿಮ್ಮ ಮಗಳಿಗೆ’ ಎಂದು ಹೇಳಿ ಹೋದರು. ಅವರ ತಮ್ಮನ ಬಾಲ್ಯದ ಸಂಗ್ರಹವಂತೆ. ಅಂದರೆ ನಮ್ಮ ಕೈ ಸೇರುವಾಗಲೇ ಅವಕ್ಕೆ ಮೂವತ್ತು ವರ್ಷ.

ಇಲ್ಲಿ ಇದೇ ಕ್ರಮವಲ್ಲವೇ? ಹೋಗುವವರು ಇರುವವರಿಗೆ ಕೊಡುವುದು, ಇರುವವರು ಹೋಗುವ ದಿನ ಮತ್ತೊಬ್ಬರಿಗೆ ಕೊಡುವುದು. ನಮ್ಮ ಮನೆಯ ಸೋಫಾಕ್ಕೆ ನಾವು ನಾಲ್ಕನೆಯ ಯಜಮಾನರು.

ಶುಕ್ರವಾರ ಅಮ್ಮ ನಮ್ಮಿಬ್ಬರಿಗೂ ಕನ್ನಡ ಕಲಿಸುತ್ತಿದ್ದರು. ಶಾಲೆಯಲ್ಲಿ ಕನ್ನಡವಿರಲಿಲ್ಲ. ಸಫಿಯಾ ಮಾತ್ರ ಬರೆಯುವ ಪುಸ್ತಕ ತಾರದೆ ಆ ಡಬ್ಬ ಹಿಡಿದುಕೊಂಡು ಬರುತ್ತಿದ್ದಳು.

“ಪುಸ್ತಕ ಎಲ್ಲಿ?”

“ಮುಗಿದಿದೆ ಆಂಟಿ.”

“ನಿನ್ನ ಅಪ್ಪನ ಅಂಗಡಿ ತುಂಬ ಪುಸ್ತಕ ಉಂಟಲ್ಲ ಮಾರಾಯ್ತಿ!”

“ಅದು ಗಿರಾಕಿಗಳಿಗೆ ಅಂತೆ.”

ಹೀಗೆ ಅವಳ ಕನ್ನಡದ ಅಭ್ಯಾಸವೆಲ್ಲ ಕಾರ್ಡುಗಳ ಹಿಂದೆ ನಡೆಯಿತು. ಅಚ್ಚಾದ ಇಂಗ್ಲಿಷಿನ ಮೇಲೆಯೇ, ಅಡ್ಡಡ್ಡ, ಉರುಟುರುಟು ಅಕ್ಷರ. ಆಟ ನಮಗೆ ಅರ್ಥವಾಗದ್ದರಿಂದ ಅವಳು ಆಟಗಾರರನ್ನೆಲ್ಲ ನಮ್ಮ ಊರಿನವರನ್ನಾಗಿ ಮಾಡಿದ್ದಳು. ‘ಇವರು ಮುಡಿಪಿನವರು. ಬಸ್ಸಿನಲ್ಲಿ ಕಿಟಕಿಯ ಸೀಟೇ ಬೇಕು.’ ದೊಡ್ಡ ಚರ್ಮದ ಗ್ಲೌಸ್ ಹಾಕಿದವನ ಹಿಂದೆ: ‘ಇವರು ಮೀನು ತಿಂದು ಕೈ ತೊಳೆದಿಲ್ಲ. ಅದಕ್ಕೆ ಹೀಗೆ.’

ಅಮ್ಮ ಒತ್ತಕ್ಷರ ತಿದ್ದುತ್ತಾ ನಗುತ್ತಿದ್ದರು.

ಆರನೇ ಕ್ಲಾಸಿನ ಪರೀಕ್ಷೆ ಮುಗಿದದ್ದೇ ಅಬ್ಬಾಸಾಕ ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿದರು. ಫ್ಯಾಮಿಲಿ ಇಟ್ಟುಕೊಳ್ಳುವುದು ಕಷ್ಟವಾಗಿತ್ತು. ಹೊರಡುವ ದಿನ ಬ್ಯಾಗುಗಳನ್ನು ಅಂಗಡಿಯ ತಕ್ಕಡಿಯಲ್ಲೇ ತೂಗಿದರು. ಭಾರ ಹೆಚ್ಚಾಯಿತು. ಅಬ್ಬಾಸಾಕ ಬ್ಯಾಗಿನೊಳಗೆ ಕೈ ಹಾಕಿ ಚಪ್ಪಲಿಯ ಡಬ್ಬವನ್ನು ಹೊರಗೆ ತೆಗೆದರು. ಹಾಲಿನ ಹುಡಿಯ ಡಬ್ಬ ಒಳಗೇ ಉಳಿಯಿತು. ಸಫಿಯಾ ಅಳಲಿಲ್ಲ. ಡಬ್ಬವನ್ನು ನನಗೆ ಕೊಟ್ಟು, “ಇಟ್ಟುಕೋ. ಬರುವ ವರ್ಷ ಬರ್ತೇನಲ್ಲ,” ಎಂದಳು.

ಬರಲಿಲ್ಲ. ನಾನೂ ಕಾಗದ ಬರೆಯಲಿಲ್ಲ. ಕೆಲವು ವರ್ಷದ ಬಳಿಕ ಕಟ್ಟಡದ ಮಾಲೀಕರು ಅಂಗಡಿ ಬಿಡಿಸಿದರು. ಅಬ್ಬಾಸಾಕ ಪೇಟೆಯಾಚೆಯ ಅಲ್ ಮಬೇಲಾಕ್ಕೆ ಹೋದರು. ನಾನು ಓದಲು ಮಂಗಳೂರಿಗೆ ಹೋದೆ, ಡಿಗ್ರಿ ಮುಗಿಸಿ ಇಲ್ಲಿಗೇ ಮರಳಿದೆ, ಕೆಲಸಕ್ಕೆ ಸೇರಿದೆ. (ಮಂಗಳೂರಿನಿಂದ ಬಂಟ್ವಾಳ ಎಷ್ಟು ದೂರ ಎಂದು ನನ್ನನ್ನು ಕೇಳಬೇಡಿ.) ಸಫಿಯಾಳಿಗೆ ಮದುವೆಯಾಯಿತೆಂದು ಯಾರೋ ಹೇಳಿದ್ದರು. ಅಷ್ಟೇ.

ಹೋದ ತಿಂಗಳು ಆಫೀಸಿನಲ್ಲಿ ಒಂದು ಕಾರ್ಡು ನನ್ನ ಡೈರಿಯಿಂದ ಜಾರಿ ಬಿತ್ತು. ಹೆಕ್ಕಿಕೊಟ್ಟವರು ನಮ್ಮಲ್ಲಿನ ಅಮೆರಿಕನ್ ಇಂಜಿನಿಯರ್. ಕೊಟ್ಟರು ಎಂದೆನಲ್ಲ, ಇಲ್ಲ. ಬಹಳ ಹೊತ್ತು ಕೊಡಲೇ ಇಲ್ಲ. ತಾನೂ ಚಿಕ್ಕಂದಿನಿಂದ ಇವನ್ನು ಕೂಡಿಡುವವನು, ಇಷ್ಟು ಹಳೆಯ ಕಾರ್ಡು ಈಗ ಸುಲಭಕ್ಕೆ ಸಿಗದು ಎಂದರು. ಮಗುಚಿ ನೋಡಿದವರು ಮುಖ ಹಿಂಡಿದರು. ಹಿಂದೆ ಏನಾದರೂ ಬರೆದಿದ್ದರೆ ಕಾರ್ಡು ಹಾಳಾದ ಹಾಗೆಯೇ ಅಂತೆ. ಮತ್ತೆ ಬೆಳಕಿಗೆ ಹಿಡಿದು, “ಬರೇ ಪೆನ್ಸಿಲ್. ನಿಮ್ಮ ಅದೃಷ್ಟ,” ಎಂದರು. ರಜೆಯಿಂದ ಬರುವಾಗ ನನಗಾಗಿ ಒಂದು ಆಲ್ಬಮ್ ತಂದುಕೊಟ್ಟರು. ಪುಟಕ್ಕೆ ಒಂಬತ್ತು ಪ್ಲಾಸ್ಟಿಕ್ ಕಿಸೆ. ಎರಡೂ ಬದಿಯಿಂದ ಕಾಣುತ್ತದೆ.

ಮಾರುವ ಯೋಚನೆ ನನಗಿರಲಿಲ್ಲ. ಅಚ್ಚುಕಟ್ಟಾಗಿರಲಿ ಎಂದಷ್ಟೇ. ಹತ್ತು ವರ್ಷ ನನ್ನ ಕಪಾಟಿನಲ್ಲಿದ್ದ ವಸ್ತು ನನ್ನದೇ ಎನಿಸಿಬಿಟ್ಟಿತ್ತು. ಒಂದೊಂದನ್ನೂ ಓದಿದೆ, ಕೆಲವಕ್ಕೆ ನಕ್ಕೆ, ಅಳಿಸಿದೆ, ರಬ್ಬರಿನ ಹುಡಿಯನ್ನು ಊದಿದೆ.

ಭಾನುವಾರ ಬಂದವರು ಅಬ್ಬಾಸಾಕ.

ಊರಿಗೆ ಖಾಯಂ ಆಗಿ ಹೋಗುವವರು ಪರಿಚಯದ ಮನೆಗಳಿಗೆಲ್ಲ ಹೋಗಿ ಹೇಳಿ ಬರುವುದು ಇಲ್ಲಿನ ರೂಢಿ. ಬಿಳಿ ಶರಟು, ಇಸ್ತ್ರಿ ಮಾಡಿದ್ದು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು.

“ಖಲಾಸ್ ಶೆಟ್ರೇ,” ಎಂದರು ಅಪ್ಪನಿಗೆ. “ಬುಧವಾರಕ್ಕೆ ಟಿಕೆಟ್ ಆಗಿದೆ. ಇನ್ನು ವಾಪಸ್ಸಿಲ್ಲ.”

“ಕಫೀಲ್ ಸುಲಭದಲ್ಲಿ ಬಿಟ್ಟನಾ?” ಅಪ್ಪ ಕೇಳಿದ್ದು ವೀಸಾ ಕೊಟ್ಟ ಒಮಾನಿ ಯಜಮಾನನ ವಿಷಯ.

“ಬಿಡದೆ? ಶುಗರ್ ಉಂಟು, ಬಿ.ಪಿ. ಉಂಟು. ನನ್ನನ್ನು ಇಟ್ಟುಕೊಂಡು ಅವನಿಗೆ ಎಂತ ಆಗ್ಲಿಕ್ಕುಂಟು?”

ಅಪ್ಪ ನಕ್ಕರು. ಅಮ್ಮ ಚಹಾ ತಂದಿಟ್ಟು ಕೇಳಿದರು, “ಸಫಿಯಾ ಹೇಗಿದ್ದಾಳೆ? ಮಕ್ಕಳೆಷ್ಟು ಈಗ?”

ಅವರು ಕಪ್ಪನ್ನು ಎತ್ತಿದವರು ಕೆಳಗಿಟ್ಟರು.

“ಅವಳು ಇಲ್ಲ ಅಕ್ಕ. ಹೋದ ರಂಜಾನಿನ ಮೊದಲು. ಜ್ವರ ಬಂತು, ಮೂರು ದಿನ. ಫೋನು ಬಂದು, ಟಿಕೆಟ್ ಮಾಡಿ, ನಾನು ಮುಟ್ಟುವಾಗ ಮಣ್ಣು ಮಾಡಿ ಆಗಿತ್ತು. ಕಾಯುವ ಕ್ರಮ ಇಲ್ಲ ಅಲ್ವಾ ನಮ್ಮಲ್ಲಿ.”

ಅಬ್ಬಾಸಾಕ ನನ್ನ ಕಡೆ ತಿರುಗಿದರು.

“ನಿನ್ನ ಹತ್ರ ಒಂದು ಕೇಳ್ಲಿಕ್ಕೆ ಬಂದದ್ದು ಮಗಾ. ಆ ಚಪ್ಪಲಿ ಡಬ್ಬದ ಕಾರ್ಡು. ಅವಳು ಅದರಲ್ಲಿ ಎಂತದೋ ಬರೀತಿದ್ಲು, ಕೌಂಟರಿನಲ್ಲಿ ಕೂತುಕೊಂಡು. ಉಂಟಾ ಈಗ? ಎಲ್ಲ ಬೇಡ. ಅವಳು ಬರೆದದ್ದು ಒಂದೇ ಒಂದು ಕೊಟ್ರೆ ಸಾಕು. ನನ್ನ ಹತ್ರ ಅವಳ ಕೈಯದ್ದು ಎಂತದ್ದೂ ಇಲ್ಲ.”

ನಾನು ಎದ್ದು ಆಲ್ಬಮ್ ತಂದೆ. ತರದೆ ಇರಬಹುದಿತ್ತು. ಕಳೆದುಹೋಯಿತು ಎನ್ನಬಹುದಿತ್ತು. ಸುಳ್ಳು ಹೇಳಲು ಬೇಕಾದ ಚುರುಕು ನನಗೆ ಆ ಹೊತ್ತಿಗೆ ಬರಲಿಲ್ಲ.

ಅವರು ಮುಂದಿನ ಬದಿಯನ್ನು ನೋಡಲೇ ಇಲ್ಲ. ಪುಟ ಮಗುಚಿ ಹಿಂಬದಿಯನ್ನು ನೋಡಿದರು. ಐದು ಪುಟ. ಮತ್ತೆ ಮೊದಲಿನಿಂದ.

“ಇದರಲ್ಲಿ ಇಲ್ಲ,” ಎಂದರು.

“ಇತ್ತು ಅಬ್ಬಾಸಾಕ. ನಾನು ಅಳಿಸಿದೆ. ಮೊನ್ನೆ ಶುಕ್ರವಾರ.”

“ಅಯ್ಯೋ ದೇವರೇ,” ಎಂದರು ಅಮ್ಮ. ಅಪ್ಪ ಕಿಟಕಿಯ ಕಡೆ ನೋಡಿದರು.

ಅಬ್ಬಾಸಾಕ ಒಂದು ಕಾರ್ಡನ್ನು ಕಿಸೆಯಿಂದ ಎಳೆದು ಟ್ಯೂಬ್‌ಲೈಟಿಗೆ ಹಿಡಿದರು. ಓರೆ ಮಾಡಿದರು. ಹೆಬ್ಬೆರಳಿನಿಂದ ಸವರಿದರು.

“ಒಳ್ಳೆ ರಬ್ಬರ್,” ಎಂದರು.

ಅದರಲ್ಲಿ ಕುಹಕವಿರಲಿಲ್ಲ. ಇಪ್ಪತ್ತು ವರ್ಷ ರಬ್ಬರು ಪೆನ್ಸಿಲು ಮಾರಿದವರ ಮಾತು. ಕುಹಕವಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಆಮೇಲೆ ಅವರು ಕ್ಯಾಸೆಟ್ಟಿನ ಕತೆ ಹೇಳಿದರು. ಅವರ ಹೆಂಡತಿಗೆ ಓದು ಬರಹ ಬಾರದು. ಹಾಗಾಗಿ ಕಾಗದದ ಬದಲು ಕ್ಯಾಸೆಟ್. ಇವರು ಮಾತಾಡಿ ರೆಕಾರ್ಡು ಮಾಡಿ ಊರಿಗೆ ಹೋಗುವವರ ಕೈಯಲ್ಲಿ ಕೊಡುವುದು, ಮನೆಯವರು ಕೇಳಿ, ಅದರ ಮೇಲೆಯೇ ಉತ್ತರ ತುಂಬಿಸಿ, ಬರುವವರ ಕೈಯಲ್ಲಿ ಕೊಡುವುದು. (ಗಲ್ಫಿನ ಎಷ್ಟು ಮನೆಗಳು ಹೀಗೆ ನಡೆದಿಲ್ಲ?) ಎರಡೇ ಕ್ಯಾಸೆಟ್ಟುಗಳಲ್ಲಿ ಹತ್ತು ವರ್ಷ ಸಂಸಾರ ನಡೆಯಿತು. ಸಫಿಯಾ ಯಾವಾಗಲೂ ಕೊನೆಗೆ ಮಾತಾಡುತ್ತಿದ್ದಳಂತೆ.

“ಅವಳ ಕಡೆಯ ಕ್ಯಾಸೆಟ್ಟು ನನ್ನ ಹತ್ರವೇ ಇತ್ತು,” ಎಂದರು. “ಕೇಳಿದೆ. ಆ ವಾರವೇ ಅದರ ಮೇಲೆ ನನ್ನದು ಮಾತಾಡಿ ಇಟ್ಟೆ. ಮನೆಯ ಮಾಡಿನ ರಿಪೇರಿ, ಅಕ್ಕಿ, ಅದು ಇದು. ಊರಿಗೆ ಹೋಗುವ ಜನ ಸಿಗ್ಲಿಲ್ಲ, ಹಾಗೇ ಬಾಕಿಯಾಯ್ತು. ಅವಳು ಹೋದ ಮೇಲೆ ಹಾಕಿ ನೋಡಿದೆ, ಕಡೆಯಲ್ಲಾದ್ರೂ ಸ್ವಲ್ಪ ಉಳಿದಿರ್ತದಾ ಅಂತ. ನಾನು ಮಾತು ಮುಗಿಸಿ ಬಂದ್ ಮಾಡದೆ ಗಿರಾಕಿಯ ಹತ್ರ ಹೋಗಿದ್ದೆ. ಟೇಪು ಮುಗಿಯುವವರೆಗೂ ಅಂಗಡಿಯ ಫ್ರಿಜ್ಜಿನ ಸದ್ದು.”

ನಾವು ಇಲ್ಲಿ ಬದುಕುವ ಕ್ರಮವೇ ಹೀಗೆ ಎಂದು ಕಾಣುತ್ತದೆ. ಡಬ್ಬ, ರಟ್ಟಿನ ಪೆಟ್ಟಿಗೆ, ಕ್ಯಾಸೆಟ್, ಯಾವುದನ್ನೂ ಒಂದೇ ಸಲಕ್ಕೆ ಮುಗಿಸುವುದಿಲ್ಲ. ಇನ್ನೊಮ್ಮೆ ಬಳಸುತ್ತೇವೆ, ಉಳಿಸಿದೆವು ಎಂದುಕೊಳ್ಳುತ್ತೇವೆ. ಹಳೆಯ ಕಾರ್ಡು ಕೂಡಿಡುವ ಅಮೆರಿಕನ್ ಇಂಜಿನಿಯರಿಗೆ ಇದು ಅರ್ಥವಾಗಲಿಕ್ಕಿಲ್ಲ. ಅವರ ಮಟ್ಟಿಗೆ ಬೆಲೆಯಿರುವುದು ಅಚ್ಚಾದದ್ದಕ್ಕೆ. ನಾನೂ ಎರಡು ಗಂಟೆಯ ಮಟ್ಟಿಗೆ ಅದನ್ನೇ ನಂಬಿದ್ದೆ.

ಅಬ್ಬಾಸಾಕ ಚಹಾ ಕುಡಿದು ಮುಗಿಸಿದರು. ಏಳಲಿಲ್ಲ.

“ಅಳಿಸುವಾಗ ಓದಿದ್ಯಾ ನೀನು?”

“ಓದಿದೆ.”

“ನನ್ನ ವಿಷಯ ಎಂತಾದ್ರೂ ಇತ್ತಾ?”

ಇತ್ತು. ಒಂದು ಕಾರ್ಡಿನಲ್ಲಿ, ಅಗಲ ಕಿವಿಯ ಆಟಗಾರನೊಬ್ಬನ ಹಿಂದೆ. ಆ ಕಾರ್ಡನ್ನು ಹುಡುಕಿ ಅವರ ಕೈಗೆ ಕೊಟ್ಟೆ. ಮೂರು ಸಾಲು. ನನಗೆ ಒಂದಕ್ಷರವೂ ಮರೆತಿರಲಿಲ್ಲ.

“‘ಇವರು ನನ್ನ ಬಾಪ,’” ಎಂದೆ. “‘ಕಿವಿ ನೋಡಿ. ಗಿರಾಕಿ ಬಂದರೆ ಮಾತ್ರ ನಗುತ್ತಾರೆ.’”

ಅವರ ಕೈ ತನ್ನಷ್ಟಕ್ಕೆ ಕಿವಿಗೆ ಹೋಯಿತು. ಕಾರ್ಡಿನವನನ್ನು ನೋಡಿದರು. ಮೆಲ್ಲಗೆ ಕೇಳಿದರು, “ಅಷ್ಟೇಯಾ?”

ಅಷ್ಟೇ ಇದ್ದದ್ದು. ಹನ್ನೊಂದು ವರ್ಷದ ಹುಡುಗಿ ಒಂದು ಶುಕ್ರವಾರ ಬೇಸರದಲ್ಲಿ ಗೀಚಿದ್ದು. ಆದರೆ ಆ ಮನುಷ್ಯ ನನ್ನ ಬಾಯಿಯನ್ನೇ ನೋಡುತ್ತಿದ್ದರು.

“ಇಲ್ಲ, ಇನ್ನೊಂದು ಸಾಲು ಇತ್ತು,” ಎಂದೆ. “‘ಶುಕ್ರವಾರ ನನ್ನ ಜೊತೆಯೂ ನಗುತ್ತಾರೆ.’”

ಅಬ್ಬಾಸಾಕನ ಮುಖ ಸಡಿಲವಾಯಿತು. “ಹೌದು, ಹೌದು,” ಎಂದರು ಅಮ್ಮನ ಕಡೆ ನೋಡಿ. “ಜುಮಾ ಮುಗಿಸಿ ಬಂದು ಕೂರ್ತಿದ್ದೆ ಅವಳ ಹತ್ರ. ನನಗೆ ಮರ್ತೇ ಹೋಗಿತ್ತು ಅಕ್ಕ. ಅವಳಿಗೆ ನೆನಪಿತ್ತು ನೋಡಿ!”

ಅಮ್ಮ ನನ್ನ ಮುಖ ನೋಡಿದರು. ಆ ಕಾರ್ಡುಗಳನ್ನೆಲ್ಲ ತಿದ್ದಿದವರು ಅವರೇ. ಖಾಲಿ ಕಪ್ಪನ್ನು ಎತ್ತಿಕೊಂಡರು.

ಅಬ್ಬಾಸಾಕ ಕಾರ್ಡನ್ನು ಮಗುಚಿ ನನ್ನ ಮುಂದೆ ಚಾಚಿದರು. “ಅವಳು ಬರೆದ ಹಾಗೆಯೇ ಇದರಲ್ಲಿ ಬರೆದು ಕೊಡು. ಪೆನ್ಸಿಲಿನಲ್ಲೇ.”

ಬರೆದೆ. ನನ್ನ ಅಕ್ಷರ ಸಣ್ಣ, ಒತ್ತೊತ್ತು. ಅವತ್ತು ಅದು ತಾನಾಗಿ ದೊಡ್ಡದಾಯಿತು, ಉರುಟಾಯಿತು. ಅವರು ತುಟಿ ಅಲ್ಲಾಡಿಸುತ್ತಾ ಅಕ್ಷರ ಅಕ್ಷರ ಕೂಡಿಸಿ ಓದಿದರು. ನಾಲ್ಕನೇ ಸಾಲನ್ನು ಎರಡು ಸಲ ಓದಿದರು. ಶರಟಿನ ಕಿಸೆಯಲ್ಲಿಟ್ಟುಕೊಂಡು, “ಉಳಿದದ್ದು ನಿನಗಿರಲಿ ಮಗಾ. ಇಷ್ಟು ಚೆಂದ ಮಾಡಿ ಇಟ್ಟಿದ್ದಿ,” ಎಂದು ಹೇಳಿ ಹೊರಟರು.

ಬುಧವಾರ ಅವರ ವಿಮಾನ ಹೋಯಿತು. ಬಂಟ್ವಾಳದ ಬಳಿಯ ಮನೆಯಲ್ಲಿ ಅವರು ಆ ಕಾರ್ಡನ್ನು ಸಫಿಯಾಳ ತಾಯಿಗೆ ಓದಿ ಹೇಳಿರುತ್ತಾರೆ.

ನಾನು ಅಳಿಸಿದ್ದು ದೊಡ್ಡ ತಪ್ಪೋ, ಬರೆದದ್ದೋ?