ಒತ್ತಾಯವಿಲ್ಲದೆ ಬಡಿಸುವ ಮುನಿಗಂಗಮ್ಮ

ಸೂಳಗಿರಿಯ ಹೆದ್ದಾರಿಯಲ್ಲಿ ಮೊದಲ ಶಿಫ್ಟಿನ ಬಸ್ಸುಗಳು ಹೊಸೂರಿನ ಕಡೆ ಓಡುವ ಹೊತ್ತಿಗೆ ಮುನಿಗಂಗಮ್ಮನವರ ಮೊಣಕೈವರೆಗೂ ಮೀನಿನ ಹುರುಪೆ ಮೆತ್ತಿಕೊಂಡಿರುತ್ತದೆ. ಮುಂದೆ ಕೃಷ್ಣಗಿರಿ ಅಣೆಕಟ್ಟೆಯಿಂದ ಬಂದ ಜಿಲೇಬಿ ಮೀನಿನ ಬುಟ್ಟಿ, ಹಿಂದೆ ಮರ್ಯಾದೆಯಿಂದ ಸಾಲಾಗಿ ಕುಳಿತ ಬೆಕ್ಕುಗಳು.

"ಸಕ್ಕರೆ ಕಾಯಿಲೆಯೋರ್ಗೆ ಜಿಲೇಬಿ ಕುಡ್ಸೋ ಕೆಲ್ಸ ನಂದು. ಯಾರ್ಗಾನ ಹೇಳಿದ್ರೆ ಹೊಡೆಯಾಕ್ ಬತ್ತಾರೆ," ಎಂದು ನಗುತ್ತಾರೆ.

ಮಾತು ನಿಜವೇ. ಹೆದ್ದಾರಿ ಬದಿಯ ಈ ಸಣ್ಣ ಶೆಡ್ಡಿನಲ್ಲಿ ಮೀನನ್ನು ಅರೆದು, ಬಿಸಿನೀರಿಗೆ ಹಾಕಿ, ಕಿಣ್ವ ಬೆರೆಸಿ, ಕುದಿಯಲು ಬಿಡದೆ ಗಂಟೆಗಟ್ಟಲೆ ತಿರುವುತ್ತಾರೆ. ನಮ್ಮ ಹೊಟ್ಟೆ ಮಾಡುವ ಕೆಲಸವನ್ನು ಪಾತ್ರೆಯೇ ಮಾಡಿ, ಮೀನಿನ ಪ್ರೋಟೀನು ಚೂರುಚೂರಾಗುತ್ತದೆ. ಅದನ್ನು ಸೋಸಿ ಒಣಗಿಸಿದರೆ ಕಹಿಯಾದೊಂದು ಪುಡಿ. ಊಟಕ್ಕೆ ಮುಂಚೆ ಈ ಪುಡಿ ಕುಡಿದರೆ ರಕ್ತದ ಸಕ್ಕರೆ ಏರುವುದು ಕಡಿಮೆಯಾಗುತ್ತದೆಯೇ, ಹಸಿವು ಬೇಗ ತಣಿಯುತ್ತದೆಯೇ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಅದನ್ನು ತಿಳಿಯಲೆಂದೇ ವಾರಕ್ಕೆರಡು ದಿನ ಇಲ್ಲಿ ಊಟದ ಪರೀಕ್ಷೆ.

ಹೊಸೂರಿನ ಕಾರ್ಖಾನೆಗಳಿಂದ, ಸುತ್ತಲಿನ ಹಳ್ಳಿಗಳಿಂದ ಸಕ್ಕರೆ ಕಾಯಿಲೆಯ ಹತ್ತಾರು ಮಂದಿ ಬರುತ್ತಾರೆ. ಬೆರಳು ಚುಚ್ಚಿಸಿಕೊಂಡು ಒಂದು ಲೋಟ ಮಜ್ಜಿಗೆ ಕುಡಿಯುತ್ತಾರೆ. ಕೆಲವರ ಲೋಟದಲ್ಲಿ ಮೀನಿನ ಪುಡಿ, ಕೆಲವರದರಲ್ಲಿ ಅಷ್ಟೇ ಕಹಿಯ ಬೇರೆ ಪುಡಿ. ಯಾವುದು ಯಾರದೆಂದು ಬಲ್ಲವರು ಪರೀಕ್ಷೆ ನೋಡಿಕೊಳ್ಳುವ ಉಷಾರಾಣಿ ಒಬ್ಬರೇ. ಆಮೇಲೆ ಮುದ್ದೆ, ಸೊಪ್ಪಿನ ಸಾರು. ಅಡುಗೆಯೂ ಬಡಿಸುವುದೂ ಮುನಿಗಂಗಮ್ಮನವರದೇ. ಬೇಕಾದಷ್ಟು ಉಣ್ಣಬಹುದು. ಎಷ್ಟು ಉಂಡರೆಂದು ತಕ್ಕಡಿ ಹೇಳುತ್ತದೆ.

ಉದ್ದನಪಲ್ಲಿಯ ಮುನಿಗಂಗಮ್ಮ ಇದಕ್ಕೂ ಮುಂಚೆ ಗುಲಾಬಿ ತೋಟದಲ್ಲಿ ಕಳೆ ಕೀಳುತ್ತಿದ್ದರು. ಸೊಂಟ ಹಿಡಿದುಕೊಂಡ ಮೇಲೆ ಸಿಕ್ಕ ನೆರಳಿನ ಕೆಲಸ ಇದು. ಇನ್ನೊಂದು ಕಾರಣವೂ ಉಂಟು. ಗಂಡ ಬಚ್ಚಪ್ಪನವರ ಕಾಲಿನ ಗಾಯ ಸಕ್ಕರೆಯಿಂದಾಗಿ ತಿಂಗಳಾದರೂ ಮಾಯಲಿಲ್ಲ. ಅವರೂ ಈ ಪಂಕ್ತಿಯಲ್ಲಿ ಕೂರುತ್ತಾರೆ. "ಈ ಪುಡಿ ಕೆಲ್ಸ ಮಾಡ್ತದೋ ಇಲ್ವೋ, ನಂಗೆ ಗೊತ್ತಾಗ್ಬೇಕು," ಎನ್ನುತ್ತಾರೆ ಮುನಿಗಂಗಮ್ಮ.

ಆದರೆ ಗೊತ್ತಾಗದಂತೆ ಮಾಡಿದವರೂ ಅವರೇ.

ಮೊದಲ ಸುತ್ತಿನ ಲೆಕ್ಕ ನೋಡಿ ಉಷಾರಾಣಿ ತಲೆ ಮೇಲೆ ಕೈ ಹೊತ್ತರು. ಯಾವ ಲೋಟ ಕುಡಿದವರೂ ಮನೆಯಲ್ಲಿ ಉಣ್ಣುವುದಕ್ಕಿಂತ ಜಾಸ್ತಿ ಉಂಡಿದ್ದರು! ಕಾರಣ ಹುಡುಕಲು ಒಂದು ದಿನ ಪಂಕ್ತಿಯ ಮೂಲೆಯಲ್ಲಿ ಕುಳಿತರು. ಮುನಿಗಂಗಮ್ಮ ಬಡಿಸುತ್ತಾ ಬಂದರು.

"ಯಾಕಪ್ಪ ಯತಿರಾಜು, ಸಾರು ರುಚಿಯಾಗಿಲ್ವಾ? ಇನ್ನರ್ಧ ಮುದ್ದೆ ಹಾಕ್ತೀನಿ ಇರು."

"ಸಾಕು ಕಣಕ್ಕ."

"ಲಾರಿ ಕಾರ್ಖಾನೇಲಿ ಕಬ್ಬಿಣ ಎತ್ತೋನು ಗುಬ್ಬಿ ತಿಂದಂಗೆ ತಿಂದ್ರೆ ಹೆಂಗೆ? ಬಾಯಿ ಮುಚ್ಕೊಂಡು ಉಣ್ಣು!"

ಪಂಕ್ತಿಯಲ್ಲಿ ಒಬ್ಬರು ಸಾಕು ಎಂದರೆ ಒಬ್ಬರು ತಮಿಳಿನಲ್ಲಿ ಪೋದುಂ ಎನ್ನುತ್ತಾರೆ, ಮತ್ತೊಬ್ಬರು ತೆಲುಗಿನಲ್ಲಿ ಚಾಲು ಎನ್ನುತ್ತಾರೆ. ಮೂರು ಭಾಷೆಯೂ ಬಲ್ಲ ಮುನಿಗಂಗಮ್ಮನವರಿಗೆ ಈ ಒಂದು ಪದ ಮಾತ್ರ ಯಾವ ಭಾಷೆಯಲ್ಲೂ ಕೇಳಿಸುವುದಿಲ್ಲ.

ಆ ಸುತ್ತು ಪೂರ್ತಿ ನೀರುಪಾಲು. ಇನ್ನೊಂದು ಸುತ್ತು ಹೀಗಾದರೆ ಪರೀಕ್ಷೆ ನಿಲ್ಲಿಸಿ ಮೀನಿನಿಂದ ಬರೀ ಕೋಳಿ ಮೇವು ತಯಾರಿಸುವುದಾಗಿ ಶೆಡ್ಡಿನ ಮಾಲೀಕರು ಹೇಳಿಬಿಟ್ಟರು. ಅಡುಗೆಯವರು ಆಗ ಬೇಕಿಲ್ಲ.

"ಅಕ್ಕಾ, ದಮ್ಮಯ್ಯ, ನೀವು ಒಂದೂ ಮಾತಾಡಬೇಡಿ," ಎಂದರು ಉಷಾರಾಣಿ.

ಮುನಿಗಂಗಮ್ಮ ತುಟಿ ಬಿಗಿದುಕೊಂಡು ಬಡಿಸಿದರು. ಪಂಕ್ತಿಗೆ ದಿಗಿಲಾಯಿತು. ಬಚ್ಚಪ್ಪ ಹೆಂಡತಿಯ ಮುಖ ನೋಡಿದರು, ತಟ್ಟೆ ನೋಡಿದರು.

"ಯಾಕಮ್ಮೀ, ನನ್ ಮ್ಯಾಲೆ ಕ್ವಾಪಾನಾ?"

ಮುನಿಗಂಗಮ್ಮ ಪಕ್ಕದ ತಟ್ಟೆಗೆ ಸಾರು ಬಿಟ್ಟರು.

"ಅಣ್ಣಾ, ಅಕ್ಕ ಬೇಜಾರಾಗವ್ರೆ. ಮೊನ್ನೆ ತಟ್ಟೇಲಿ ಬಿಟ್ಟಿದ್ವಲ್ಲ, ಅದ್ಕೇ ಇರ್ಬೇಕು," ಎಂದು ಯತಿರಾಜು ಪಿಸುಗುಟ್ಟಿದರು. ತಾವೇ ಇನ್ನೊಂದು ಮುದ್ದೆ ಕೇಳಿ ಹಾಕಿಸಿಕೊಂಡರು. ಅವರನ್ನು ನೋಡಿ ಪಕ್ಕದವರೂ ಕೇಳಿದರು. ಅಕ್ಕನ ಮುನಿಸು ತೀರಿಸಲು ಇಡೀ ಪಂಕ್ತಿ ಕಣ್ಣಲ್ಲಿ ನೀರು ಬರುವಷ್ಟು ಉಂಡಿತು. ತಕ್ಕಡಿಯ ಮುಂದೆ ನಿಂತ ಉಷಾರಾಣಿಗೂ ಅಳುವೇ ಬಂತು.

ಮುಂದಿನ ಸಲ ಮುನಿಗಂಗಮ್ಮ ಒಂದು ಉಪಾಯ ಮಾಡಿದರು. "ನಂಗೇನೂ ಕ್ವಾಪ ಇಲ್ಲ ಕಣ್ರಪ್ಪ. ಮಿಕ್ಕಿದ್ದು ನಮ್ಮನೆ ಕೋಳಿಗೆ ಬೇಕು. ದಾರಾಳ್ವಾಗಿ ಬಿಡಿ," ಎಂದು ಸಾರಿದರು. ಕೋಳಿಗಳ ಮೇಲಿನ ಕರುಣೆಯಿಂದ ಎಲ್ಲರೂ ಅರ್ಧ ತಟ್ಟೆ ಬಿಟ್ಟು ಎದ್ದರು. ಉಷಾರಾಣಿ ಕೈಮುಗಿದರು. "ಬಿಡಿ ಅನ್ನೋದೂ ಒತ್ತಾಯವೇ ಅಕ್ಕಾ!"

ಕೊನೆಗೆ ದಾರಿ ಕಂಡಿದ್ದು ಹೀಗೆ. ತೂಗಿದ ಮುದ್ದೆ ಪಾತ್ರೆಯನ್ನೂ ಸಾರನ್ನೂ ಒಬ್ಬೊಬ್ಬರ ಮುಂದೆ ಇಟ್ಟು, "ಕ್ವಾಪ ಇಲ್ಲ, ಕೋಳೀಗೂ ಬೇಡ," ಎಂದಷ್ಟೇ ಹೇಳಿ ಮುನಿಗಂಗಮ್ಮ ಹೊರಗೆ ನಡೆಯುತ್ತಾರೆ. ಹೊಂಗೆ ಮರದ ಕೆಳಗೆ ಶೆಡ್ಡಿಗೆ ಬೆನ್ನು ತಿರುಗಿಸಿ ಕೂರುತ್ತಾರೆ. ಒಳಗೆ ತಟ್ಟೆ ಸದ್ದಾದರೆ ಕಾಲು ತಾನಾಗಿಯೇ ಏಳಲು ನೋಡುತ್ತದೆ. ಸೆರಗು ಹಿಡಿದು ತಮ್ಮನ್ನು ತಾವೇ ಕೂರಿಸಿಕೊಳ್ಳುತ್ತಾರೆ.

"ಮೀನು ಉಜ್ಜೋದು, ತಿರುವೋದು ಕಷ್ಟ ಅಲ್ಲ. ಇಲ್ಲಿ ಸುಮ್ನೆ ಕುಂತ್ಕೊಳೋದೈತಲ್ಲ, ಅದ್ಕೇ ನಂಗೆ ಸಂಬ್ಳ ಕೊಡ್ಬೇಕು."

ತಕ್ಕಡಿ ಈಗ ದಿನಕ್ಕೊಂದು ಬೇರೆ ಮಾತು ಹೇಳುತ್ತಿದೆ. ಒಬ್ಬರದು ಜಾಸ್ತಿ, ಒಬ್ಬರದು ಕಡಿಮೆ. ಪುಡಿ ಗೆಲ್ಲುವುದೋ ಸೋಲುವುದೋ ತಿಳಿಯಲು ಇನ್ನೂ ತಿಂಗಳುಗಳು ಬೇಕು. ಲೆಕ್ಕವಂತೂ ನಂಬುವಂತಿದೆ, ಪರೀಕ್ಷೆ ನಿಲ್ಲುವುದಿಲ್ಲ ಎಂದು ಉಷಾರಾಣಿ ಹೇಳಿದ್ದಾರೆ. ಅವರು ಹಾಗೆ ಹೇಳಿದ ದಿನ ಬಚ್ಚಪ್ಪ ಹೊರಗೆ ಬಂದು ಕೈ ತೊಳೆಯುತ್ತಾ, "ಇವತ್ತು ಒಂದೂವರೆ ಮುದ್ದೆಗೇ ಸಾಕನ್ನಿಸ್ಬುಡ್ತು ಕಣಮ್ಮಿ," ಎಂದರಂತೆ. ಅದು ಪುಡಿಯಿಂದಲೋ ಸೆಖೆಯಿಂದಲೋ ಯಾರಿಗೆ ಗೊತ್ತು? ಮುನಿಗಂಗಮ್ಮ ಮುಖವನ್ನೂ ತಿರುಗಿಸಲಿಲ್ಲ.

ಇದೆಲ್ಲ ಮುಗಿದ ಮೇಲೆ ಏನು ಆಸೆ ಎಂದು ಕೇಳಿದರೆ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾರೆ.

"ಎಲ್ರನ್ನೂವೆ ಮನೇಗೆ ಕರೀತೀನಿ. ಮೇಡಮ್ನೂವೆ. ಸಕ್ಕರೆಯೋರು ಅಂತ ಗೊತ್ತು, ಸೊಪ್ಪು ಕಾಳೇ ಜಾಸ್ತಿ ಮಾಡ್ತೀನಿ. ಇನ್ನೊಂಚೂರು ಹಾಕ್ಲಾ ಅಂತ ಒಬ್ಬೊಬ್ರಿಗೂ ಒಂದ್ಸಲ ಕೇಳ್ತೀನಿ. ಬ್ಯಾಡ ಅನ್ಲಿ ಬುಡಿ, ನಾನೇನೂ ಹಾಕಲ್ಲ. ಕೇಳೋಕಾದ್ರೂ ಕೇಳ್ಬೇಕಲ್ವಾ?"